ಬೆಟ್ಟದ ಕಾಲುದಾರಿಯಿಂದ ಮಂಗಳ ಗ್ರಹದವರೆಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಟ್ರೆಕ್ಕಿಂಗ್ ಮುಗಿಸಿ ಬಂದಾಗೆಲ್ಲ, ಟೆಲಿಸ್ಕೋಪ್ ಹೊರಗೆ ತಂದಿಟ್ಟಾಗೆಲ್ಲ, ಟೀವಿಲಿ ಯಾವ್ದೋ ರಾಕೆಟ್ ಹಾರಿದಾಗೆಲ್ಲ ನಂಗೆ ಬರೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದೊಂದು ಸಲ ಒಂದೊಂದು ಥರ ಉತ್ತರ ಕೊಟ್ಟು ಸಾಕಾಗಿ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ನಾನು ದೊಡ್ಡ ಪರ್ವತಾರೋಹಿ ಏನಲ್ಲ, ವಿಜ್ಞಾನಿನೂ ಅಲ್ಲ, ಸುಮಾರು ವರ್ಷದಿಂದ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಅಲೀತಾ, ರಾತ್ರಿ ಆದ್ರೆ ಕತ್ತೆತ್ತಿ ಆಕಾಶ ನೋಡ್ತಾ ಇರೋನು ಅಷ್ಟೇ.

ಮನೇಲಿ ಆರಾಮಾಗಿ ಕೂತಿರೋದು ಬಿಟ್ಟು ಈ ಹುಚ್ಚು ಯಾಕೆ?

ಇದನ್ನ ಕೇಳದೆ ಬಿಟ್ಟೋರೇ ಇಲ್ಲ. ಕೆಲವರು ಜೀನ್ ಕಡೆ ಬೆರಳು ತೋರಿಸ್ತಾರೆ, ಡಿಆರ್‌ಡಿ4 ಅನ್ನೋ ಜೀನ್‌ನ ಒಂದು ರೂಪ ಇದ್ದೋರಿಗೆ ಹೊಸದರ ಹಂಬಲ ಜಾಸ್ತಿ ಅಂತ, ಆದ್ರೆ ಆಮೇಲಿನ ಅಧ್ಯಯನಗಳಲ್ಲಿ ಆ ಮಾತು ಅಷ್ಟು ಗಟ್ಟಿಯಾಗಿ ನಿಂತಿಲ್ಲ, ಹಾಗಾಗಿ 'ಇದು ನಮ್ಮ ರಕ್ತದಲ್ಲೇ ಇದೆ' ಅನ್ನೋ ಡೈಲಾಗ್ ನಾನು ಹೊಡೆಯಲ್ಲ. ನಂಗೆ ಯಾವಾಗ್ಲೂ ನೆನಪಾಗೋದು ಪಾಲಿನೇಷ್ಯಾದ ಜನ. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ, ಹಗ್ಗದಲ್ಲಿ ಬಿಗಿದ ಜೋಡಿ ದೋಣಿ, ಅದರಲ್ಲಿ ಸಂಸಾರ, ಗಿಡ, ಕೋಳಿ ಎಲ್ಲಾ ತುಂಬ್ಕೊಂಡು ಹವಾಯಿ, ಈಸ್ಟರ್ ದ್ವೀಪ, ನ್ಯೂಜಿಲೆಂಡ್ ಎಲ್ಲಾ ಮುಟ್ಟಿಬಿಟ್ರು. ಅದೃಷ್ಟ ಇತ್ತು ಗಾಳಿ ಹೊಡ್ಕೊಂಡು ಹೋಯ್ತು ಅಂತ ಬಹಳ ದಿನ ಅಂದುಕೊಂಡಿದ್ರು. 1976ರಲ್ಲಿ ಹೋಕುಲೆಯಾ ಅನ್ನೋ ಅದೇ ಥರದ ದೋಣಿಲಿ ಮೌ ಪಿಯಾಲುಗ್ ಅನ್ನೋ ನಾವಿಕ ಒಂದೂ ಉಪಕರಣ ಮುಟ್ಟದೆ ಹವಾಯಿಯಿಂದ ಟಹೀಟಿಗೆ ದಾರಿ ತೋರಿಸಿದ ಮೇಲೆ ಆ ಮಾತು ತಣ್ಣಗಾಯ್ತು. ಇನ್ನೊಂದು ವಿಷಯ, ಹಳೇ ಪಾಲಿನೇಷ್ಯನ್ನರು ಗಾಳಿಗೆ ಎದುರಾಗಿ ಹುಡುಕ್ಕೊಂಡು ಹೋಗ್ತಿದ್ರು ಅಂತ ಕೆಲವು ಸಂಶೋಧಕರು ಹೇಳ್ತಾರೆ. ಕೇಳಕ್ಕೆ ತಲೆಕೆಟ್ಟ ಕೆಲಸ ಅನ್ಸುತ್ತೆ, ಆದ್ರೆ ಯೋಚಿಸಿ ನೋಡಿ, ಏನೂ ಸಿಗಲಿಲ್ಲ ಅಂದ್ರೆ ದೋಣಿ ತಿರುಗಿಸಿದ್ರೆ ಸಾಕು, ಗಾಳಿನೇ ಮನೆಗೆ ತಳ್ಳುತ್ತೆ. ವಾಪಸ್ ಬರೋ ದಾರಿ ಮೊದಲು ನೋಡ್ಕೊಂಡು ಹೊರಟೋರು ಅವರು. ಹುಚ್ಚು ಅಂತೀರಲ್ಲ, ಹುಚ್ಚರ ಲೆಕ್ಕಾಚಾರ ಹಿಂಗಿರಲ್ಲ.

ಎಲ್ಲಾ ಜಾಗನೂ ಫೋನಿನ ಮ್ಯಾಪಲ್ಲೇ ಇದೆ, ಇನ್ನು ಹುಡುಕೋದೇನಿದೆ?

ಮ್ಯಾಪಲ್ಲಿ ಇದೆ ಅಂದ್ರೆ ಮೇಲಿಂದ ತೆಗೆದ ಫೋಟೋ ಇದೆ ಅಂತ ಅಷ್ಟೇ. ಸಮುದ್ರದ ತಳನೇ ತಗೊಳ್ಳಿ, ಸರಿಯಾಗಿ ಅಳತೆ ಮಾಡಿ ನಕ್ಷೆ ಮಾಡಿರೋದು ಸುಮಾರು ಕಾಲು ಭಾಗ. ಉಳಿದದ್ದೆಲ್ಲ ಉಪಗ್ರಹದ ಅಂದಾಜು. ನೀಲಿ ಬಣ್ಣ ಬಳಿದುಬಿಟ್ರೆ ನಮಗೆ ಎಲ್ಲಾ ಗೊತ್ತಿರೋ ಹಂಗೆ ಕಾಣುತ್ತೆ. ಚಂದ್ರನ ಮೇಲೆ 12 ಜನ ನಡೆದಿದಾರೆ, ಸಮುದ್ರದ ಅತಿ ಆಳದ ಜಾಗ ಚಾಲೆಂಜರ್ ಡೀಪ್‌ಗೆ, ಸುಮಾರು 10,900 ಮೀಟರ್ ಕೆಳಗೆ, 1960ರ ಜನವರಿ 23ಕ್ಕೆ ಇಬ್ರು ಇಳಿದ್ರು, ಝಾಕ್ ಪಿಕಾರ್ ಮತ್ತು ಡಾನ್ ವಾಲ್ಷ್, ಆಮೇಲೆ ಮನುಷ್ಯ ಅಲ್ಲಿಗೆ ಮತ್ತೆ ಹೋಗಿದ್ದು 2012ರಲ್ಲಿ. ಮಧ್ಯ 52 ವರ್ಷ ಗ್ಯಾಪ್!

ಬೆಟ್ಟದ ಕಥೆ ಇನ್ನೂ ಮಜಾ ಇದೆ. ಭೂತಾನಿನ ಗಂಗ್ಖರ್ ಪುಯೆನ್ಸುಮ್, 7570 ಮೀಟರ್, ಇವತ್ತಿಗೂ ಯಾರೂ ಹತ್ತಿಲ್ಲ, ಯಾಕಂದ್ರೆ ಆ ದೇಶ ಪರ್ವತಾರೋಹಣನೇ ನಿಲ್ಲಿಸಿಬಿಟ್ಟಿದೆ, ಅಲ್ಲಿನ ಜನಕ್ಕೆ ಶಿಖರ ಅಂದ್ರೆ ದೇವರ ಜಾಗ. ನಂಗೆ ಇದು ಬಹಳ ಇಷ್ಟ. ಹತ್ತೋದಕ್ಕೆ ಆಗೋದನ್ನೆಲ್ಲ ಹತ್ತಲೇಬೇಕು ಅಂತ ಏನಿಲ್ಲ.

ಗುಹೆಗಳಂತೂ ಬಿಡಿ. ಜಾರ್ಜಿಯಾದ ಅಬ್ಖಾಜಿಯಾದಲ್ಲಿರೋ ವೆರ್ಯೋವ್ಕಿನಾ ಗುಹೆ 2200 ಮೀಟರ್‌ಗೂ ಜಾಸ್ತಿ ಆಳ ಇದೆ, ಗುಹೆಗೆ ಇಳಿಯೋರು ನೆಲದ ಒಳಗೇ ಟೆಂಟ್ ಹಾಕ್ಕೊಂಡು ದಿನಗಟ್ಟಲೆ ಇರ್ತಾರೆ. ವಿಯೆಟ್ನಾಮಿನ ಸೋನ್ ಡೂಂಗ್ ಗುಹೆ ಎಷ್ಟು ದೊಡ್ಡದು ಅಂದ್ರೆ ಒಳಗೆ ಕಾಡು ಬೆಳೆದಿದೆ, ಆದ್ರೂ ಅದನ್ನ ಸರಿಯಾಗಿ ಅಳೆದಿದ್ದು 2009ರಲ್ಲಿ. ಬ್ರಿಟಿಷ್ ಟೀಮ್ ಅಳೆಯೋದಕ್ಕೆ ಸುಮಾರು ವರ್ಷ ಮುಂಚೆ ಅದರ ಬಾಯಿ ನೋಡಿದ್ದು ಕಾಡಲ್ಲಿ ಓಡಾಡ್ತಿದ್ದ ಅಲ್ಲಿಯವನೇ ಒಬ್ಬ, ಆಮೇಲೆ ಜಾಗ ಮರೆತುಹೋಗಿ ಮತ್ತೆ ಹುಡುಕಿ ಅವನೇ ಕರ್ಕೊಂಡು ಹೋದ.

ಹಾಗಾದ್ರೆ 'ಕಂಡುಹಿಡಿದರು' ಅನ್ನೋದೇ ಸುಳ್ಳಲ್ವಾ? ಅಲ್ಲಿ ಮೊದಲೇ ಜನ ಇದ್ರಲ್ಲ?

ಸುಮಾರು ಕಡೆ ಹೌದು, ಸುಳ್ಳೇ. ಹಡಗು ಬರೋ ಮುಂಚೆನೇ ಆ ದಂಡೆ ಮೇಲೆ ಜನ ಸಾವಿರಾರು ವರ್ಷ ಬಾಳಿದ್ರು, ಹಡಗಿನ ಜೊತೆ ಬಂದಿದ್ದು ರೋಗ, ಬಂದೂಕು, ಗುಲಾಮಗಿರಿ. ಇದನ್ನ ಪಕ್ಕಕ್ಕೆ ತಳ್ಳಿ ಬರೀ ಸಾಹಸದ ಕಥೆ ಹೇಳೋದು ನಂಗೆ ಸರಿ ಕಾಣಲ್ಲ. ಮೆಗೆಲ್ಲನ್ ಭೂಮಿ ಸುತ್ತಿದ ಅಂತ ಓದ್ತೀವಿ, ಆದ್ರೆ ಆತ ಸುತ್ತು ಪೂರ್ತಿ ಮಾಡೇ ಇಲ್ಲ, 1521ರಲ್ಲಿ ಫಿಲಿಪೀನ್ಸ್‌ನಲ್ಲಿ ಅಲ್ಲಿನವರ ಜಗಳಕ್ಕೆ ತಲೆ ಹಾಕಿ ಸತ್ತ. 1519ರಲ್ಲಿ ಐದು ಹಡಗು, ಸುಮಾರು 270 ಜನ ಹೊರಟಿದ್ದು, 1522ರಲ್ಲಿ ಸ್ಪೇನಿಗೆ ಮರಳಿದ್ದು ವಿಕ್ಟೋರಿಯಾ ಅನ್ನೋ ಒಂದೇ ಹಡಗು, ಅದರಲ್ಲಿ 18 ಜನ.

ನಾನು ಇದುವರೆಗೂ ಎಲ್ಲೂ ಹೋಗಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಹತ್ತಿರದ ಗುಡ್ಡದಿಂದ. ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ ಯಾರೋ ಟ್ರೆಕ್ಕರ್ರೇ ಮಾಡಿರಬೇಕು ಅಂತ ನಂಗೆ ಅನುಮಾನ, ಫೋಟೋದಲ್ಲಿ ನುಣ್ಣಗೆ ಕಾಣೋದು ಹತ್ರ ಹೋದ್ರೆ ಬರೀ ಕಲ್ಲು, ಜಾರಿಕೆ, ಜಿಗಣೆ. ಮೊದಲ ಸಲಕ್ಕೆ ಮೂರು ನಾಲ್ಕು ಗಂಟೆಲಿ ಹೋಗಿ ಬರೋ ದಾರಿ ಸಾಕು, ಗೊತ್ತಿರೋರ ಜೊತೆ ಹೋಗಿ, ಬೆಳಿಗ್ಗೆ ಬೇಗ ಹೊರಡಿ, ಹೊಸ ಶೂ ಹಾಕ್ಕೊಂಡು ಮಾತ್ರ ಹೋಗ್ಬೇಡಿ.

ಬ್ಯಾಗಲ್ಲಿ ಏನೇನು ಇಟ್ಕೋಬೇಕು?

ಎಲ್ಲರೂ ಉದ್ದುದ್ದ ಲಿಸ್ಟ್ ಕೊಡ್ತಾರೆ, ಕೊನೆಗೆ ಬ್ಯಾಗ್ ಎತ್ತಕ್ಕಾಗದೆ ದಾರಿಲಿ ಸುಸ್ತಾಗಿ ಕೂತ್ಕೋತಾರೆ. ನೀರು, ತಿನ್ನಕ್ಕೆ ಸ್ವಲ್ಪ ಜಾಸ್ತಿನೇ, ಟಾರ್ಚು (ಹಗಲು ಹೊತ್ತಿನ ಟ್ರೆಕ್ ಆದ್ರೂ), ಮಳೆ ಅಂಗಿ, ಒಂದು ಬೆಚ್ಚನೆ ಬಟ್ಟೆ, ಸೀಟಿ, ಬ್ಯಾಂಡೇಜು, ಇಷ್ಟಿದ್ರೆ ಒಂದು ದಿನಕ್ಕೆ ನಡೆಯುತ್ತೆ. ಬಟ್ಟೆ ವಿಷಯದಲ್ಲಿ ಒಂದು ಮಾತು, ಚಳಿ ಜಾಗಕ್ಕೆ ಹತ್ತಿ ಬಟ್ಟೆ ಬೇಡ, ಬೆವರಲ್ಲೋ ಮಳೇಲೋ ಒದ್ದೆ ಆದ್ರೆ ಒಣಗಲ್ಲ, ಮೈ ಶಾಖ ಎಲ್ಲಾ ಹೀರ್ಕೊಂಡು ಬಿಡುತ್ತೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ್ರೆ ಅದು ಹೈಪೋಥರ್ಮಿಯಾ, ಅದಕ್ಕೆ ಹಿಮನೇ ಬೀಳ್ಬೇಕು ಅಂತಿಲ್ಲ, ಗಾಳಿ ಮತ್ತು ಒದ್ದೆ ಬಟ್ಟೆ ಸಾಕು. ಮಾತು ತೊದಲೋದು, ಕೈ ಬೆರಳು ಮಾತು ಕೇಳದೆ ಇರೋದು ಶುರುವಾದ್ರೆ ತಮಾಷೆ ಮಾಡ್ಬೇಡಿ.

ದಾರಿ ತಪ್ಪಿದ್ರೆ?

ನಿಲ್ಲಿ. ಅಷ್ಟೇ, ಮೊದಲು ನಿಲ್ಲಿ. ಒಂದು ಸಲ ನಾವು ನಾಲ್ಕು ಜನ ಮಂಜಲ್ಲಿ ಸಿಕ್ಕಿಹಾಕ್ಕೊಂಡು, ಹತ್ತು ಹೆಜ್ಜೆ ಮುಂದೆ ಕಾಣ್ತಿಲ್ಲ, ನಾನೇ ಮುಂದೆ ನಿಂತು 'ಇದೇ ದಾರಿ ಬನ್ನಿ ಬನ್ನಿ' ಅಂತ ಮುಕ್ಕಾಲು ಗಂಟೆ ನಡೆಸಿದೀನಿ, ಆಮೇಲೆ ನೋಡಿದ್ರೆ ನಾವೇ ನೀರು ಕುಡಿದು ಬಾಟಲಿ ಇಟ್ಟಿದ್ದ ಕಲ್ಲಿನ ಹತ್ರಾನೇ ವಾಪಸ್ ಬಂದಿದೀವಿ, ಒದ್ದೆ ಗುರುತು ಇನ್ನೂ ಆರಿರಲಿಲ್ಲ. ಮನುಷ್ಯನಿಗೆ ಕಣ್ಣಿಗೆ ಗುರುತು ಸಿಗದೆ ಹೋದ್ರೆ ನೇರ ನಡೆಯಕ್ಕೆ ಬರಲ್ಲ, ಸುತ್ತು ಹೊಡೀತೀವಿ, ಇದು ಪರೀಕ್ಷೆ ಮಾಡಿ ನೋಡಿರೋ ವಿಷಯ. ಅವತ್ತು ಕೂತ್ಕೊಂಡು ಮಂಜು ಕರಗೋವರೆಗೂ ಕಾದಿದ್ದಕ್ಕೆ ಬಚಾವಾದ್ವಿ, ನನ್ನ ಮರ್ಯಾದೆ ಮಾತ್ರ ಹೋಯ್ತು.

ಸೀಟಿ ಇದ್ರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಡಿ, ಮತ್ತೆ ಊದಿ. ಬೆಟ್ಟದಲ್ಲಿ ಸಹಾಯ ಕೇಳೋ ಅಂತರರಾಷ್ಟ್ರೀಯ ಸಂಜ್ಞೆ ಇದು, ಕೇಳಿಸ್ಕೊಂಡೋರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡ್ತಾರೆ. ಇನ್ನು ಫೋನು, ನೆಟ್‌ವರ್ಕ್ ಇಲ್ಲ ಅಂದ್ರೂ ಜಿಪಿಎಸ್ ಕೆಲಸ ಮಾಡುತ್ತೆ, ಅದು ನೇರ ಉಪಗ್ರಹದಿಂದ ಬರೋದು, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಂಡಿರಬೇಕು ಅಷ್ಟೇ.

ನಕ್ಷತ್ರ ನೋಡಿ ದಿಕ್ಕು ಹೇಳಬಹುದು ಅಂತಾರೆ, ನಿಜಾನಾ?

ನಿಜ, ಕಷ್ಟನೂ ಅಲ್ಲ. ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರ ಇರೋ ಎರಡು ನಕ್ಷತ್ರ ಇದಾವಲ್ಲ, ಪುಲಹ ಮತ್ತು ಕ್ರತು, ಪುಲಹದಿಂದ ಕ್ರತುಗೆ ಒಂದು ಗೆರೆ ಎಳೆದು ಅದೇ ಗೆರೆನ ಸುಮಾರು ಐದು ಪಟ್ಟು ಮುಂದಕ್ಕೆ ತಗೊಂಡು ಹೋದ್ರೆ ಸಿಗೋದೇ ಧ್ರುವ ನಕ್ಷತ್ರ. ಬಹಳ ಜನ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯೋದು ಅದೇ ಅಂದ್ಕೊಂಡಿದಾರೆ, ಅಲ್ಲ, ಅದು ಸಾಧಾರಣ ಹೊಳಪಿಂದು. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನೀವು ಇರೋ ಅಕ್ಷಾಂಶ ಹೆಚ್ಚುಕಮ್ಮಿ ಅಷ್ಟೇ. ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಹೋದ್ರೆ ಅದು ಮುಳುಗಿಹೋಗುತ್ತೆ, ಅಲ್ಲಿ ತ್ರಿಶಂಕು ಅನ್ನೋ ನಕ್ಷತ್ರಪುಂಜ ನೋಡ್ಕೋಬೇಕು.

ಇದು ಹಳೇ ಕಾಲದ ವಿದ್ಯೆ ಅಂತ ನಗಬೇಡಿ. ಚಂದ್ರನಿಗೆ ಹೋದ ಅಪೊಲೊ ನೌಕೆಲಿ ಕೂಡ ಸೆಕ್ಸ್ಟಂಟ್ (ನಕ್ಷತ್ರದ ಕೋನ ಅಳೆಯೋ ಉಪಕರಣ) ಇತ್ತು, ಕಂಪ್ಯೂಟರಲ್ಲಿ 37 ನಕ್ಷತ್ರಗಳ ಪಟ್ಟಿ ಇತ್ತು, ಗಗನಯಾತ್ರಿಗಳು ನಕ್ಷತ್ರಕ್ಕೆ ಗುರಿ ಹಿಡಿದು ನೌಕೆಯ ದಿಕ್ಕು ಸರಿ ಮಾಡ್ಕೋತಿದ್ರು. ಅಪೊಲೊ 13ರಲ್ಲಿ ಆಕ್ಸಿಜನ್ ಟ್ಯಾಂಕ್ ಸಿಡಿದ ಮೇಲೆ ಸುತ್ತ ಚೂರುಗಳು ಮಿಣಮಿಣ ಅಂತ ತೇಲ್ತಾ ಯಾವುದು ನಕ್ಷತ್ರ ಯಾವುದು ಕಸ ಗೊತ್ತಾಗದೆ ಕೊನೆಗೆ ಸೂರ್ಯನ್ನೇ ಗುರುತು ಹಿಡಿದ್ರು.

ನಾನು ದಿನಾ ಜಿಮ್‌ಗೆ ಹೋಗ್ತೀನಿ, ಎತ್ತರದ ಜಾಗದಲ್ಲಿ ನಂಗೇನೂ ಆಗಲ್ಲ ಅಲ್ವಾ?

ಆಗುತ್ತೆ. ಫಿಟ್‌ನೆಸ್‌ಗೂ ಎತ್ತರದ ಕಾಯಿಲೆಗೂ ಸಂಬಂಧ ಇಲ್ಲ, ಇನ್ನೂ ಹೇಳ್ಬೇಕಂದ್ರೆ ಗಟ್ಟಿಮುಟ್ಟಾದೋರೇ ಬೇಗ ಬೇಗ ಹತ್ತಿ ಬೇಗ ಮಲಗ್ತಾರೆ. ಮೇಲೆ ಹೋದ್ರೂ ಗಾಳಿಲಿ ಆಕ್ಸಿಜನ್ ಶೇಕಡಾ 21ರಷ್ಟೇ ಇರುತ್ತೆ, ಕಮ್ಮಿ ಆಗೋದು ಒತ್ತಡ, ಎವರೆಸ್ಟ್ ತುದಿಲಿ ಅದು ಸಮುದ್ರಮಟ್ಟದ ಮೂರನೇ ಒಂದು ಭಾಗ, ಅಂದ್ರೆ ಒಂದು ಉಸಿರಿಗೆ ಸಿಗೋ ಆಕ್ಸಿಜನ್ನೂ ಅಷ್ಟೇ. 3000 ಮೀಟರ್ ದಾಟಿದ ಮೇಲೆ ಮಲಗೋ ಜಾಗನ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಂದು ದಿನ ರೆಸ್ಟ್ ತಗೋಬೇಕು. ತಲೆನೋವು, ವಾಕರಿಕೆ, ನಿದ್ದೆ ಬರದೆ ಇರೋದು, ಇವು ಶುರುವಾದ್ರೆ ಅಲ್ಲೇ ನಿಲ್ಲಿ. ಕೂತಲ್ಲೇ ಏದುಸಿರು, ನೊರೆ ಕೆಮ್ಮು, ನೇರ ಗೆರೆ ಮೇಲೆ ನಡೆಯಕ್ಕಾಗದೆ ಓಲಾಡೋದು ಅಂದ್ರೆ ಶ್ವಾಸಕೋಶಕ್ಕೋ ಮೆದುಳಿಗೋ ನೀರು ಇಳೀತಿದೆ ಅಂತ, ರಾತ್ರಿ ಆಗಿರ್ಲಿ ಏನೇ ಆಗಿರ್ಲಿ ಕೆಳಗೆ ಇಳಿಸಲೇಬೇಕು. ಮಾತ್ರೆ, ಸಿಲಿಂಡರ್ ಎಲ್ಲಾ ಇಳಿಯೋದಕ್ಕೆ ಸಹಾಯ, ಇಳಿಯೋದರ ಬದಲಿಗೆ ಅಲ್ಲ.

ಅಷ್ಟು ದೂರ ಹೋಗಿ ತುದಿ ಮುಟ್ಟದೆ ವಾಪಸ್ ಬಂದ್ರೆ ಸೋತ ಹಂಗಲ್ವಾ?

ಎಲ್ಲಕ್ಕಿಂತ ಹೆಚ್ಚು ಸಲ ನಾನು ಜಗಳ ಆಡಿರೋ ಪ್ರಶ್ನೆ ಇದು.

1909ರ ಜನವರಿ 9, ಬ್ರಿಟಿಷ್ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ಮತ್ತೆ ಮೂರು ಜನ ದಕ್ಷಿಣ ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಇದೆ ಅನ್ನೋವಾಗ ನಿಂತ್ರು. ಅಲ್ಲಿವರೆಗೂ ಜಗತ್ತಲ್ಲಿ ಯಾರೂ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ. ನುಗ್ಗಿದ್ರೆ ಬಹುಶಃ ಧ್ರುವ ಮುಟ್ತಿದ್ರು, ಹೆಸರು ಶಾಶ್ವತ, ಆದ್ರೆ ವಾಪಸ್ ಬರೋದಕ್ಕೆ ಊಟ ಇರಲಿಲ್ಲ. ಬಾವುಟ ನೆಟ್ಟು ತಿರುಗಿದ್ರು. ಸತ್ತ ಸಿಂಹಕ್ಕಿಂತ ಬದುಕಿರೋ ಕತ್ತೆನೇ ನಿನಗೆ ಮೇಲು ಅನ್ನಿಸ್ತು ಅಂತ ಆಮೇಲೆ ಹೆಂಡತಿಗೆ ಹೇಳಿದ್ನಂತೆ. ಅದೇ ಮನುಷ್ಯ 1915ರಲ್ಲಿ ಎಂಡ್ಯೂರೆನ್ಸ್ ಹಡಗು ಹಿಮಕ್ಕೆ ಸಿಕ್ಕಿ ನುಚ್ಚಾಗಿ ಮುಳುಗಿದಾಗ ತನ್ನ ಜೊತೆ ಇದ್ದ 27 ಜನರನ್ನೂ ಉಳಿಸಿಕೊಂಡ, ಅದಕ್ಕೋಸ್ಕರ ಒಂದು ಸಣ್ಣ ದೋಣಿಲಿ ಸುಮಾರು 1300 ಕಿಲೋಮೀಟರ್ ಸಮುದ್ರ ದಾಟಿದ. ಆ ಹಡಗು 2022ರಲ್ಲಿ ಸಿಕ್ತು, 3008 ಮೀಟರ್ ಆಳದಲ್ಲಿ, ಹಿಂದಿನ ಭಾಗದಲ್ಲಿ ಹೆಸರು ಇನ್ನೂ ಓದಕ್ಕಾಗೋ ಹಂಗಿದೆ.

ಇದಕ್ಕೆ ಉಲ್ಟಾ ಉದಾಹರಣೆ 1996ರ ಮೇ 10. ಎವರೆಸ್ಟಲ್ಲಿ ಮಧ್ಯಾಹ್ನ ಎರಡು ಗಂಟೆ ಆದ್ರೆ ಎಲ್ಲಿದ್ರೂ ತಿರುಗಬೇಕು ಅನ್ನೋ ಲೆಕ್ಕ ಇತ್ತು, ಅದನ್ನ ಮೀರಿ ಹತ್ತಿದ್ರು, ಸಂಜೆ ಹಿಮಗಾಳಿ ಬಂತು, ಆ ಎರಡು ದಿನದಲ್ಲಿ ಎಂಟು ಜನ ಹೋದ್ರು. ತುದಿ ಕಣ್ಣಿಗೆ ಕಾಣ್ತಿರುತ್ತೆ ನೋಡಿ, ಆಗ ಗಡಿಯಾರ ಕಾಣಲ್ಲ. ಅದಕ್ಕೇ ತಿರುಗೋ ಟೈಮ್ ಮನೇಲಿ ಕೂತು, ಹೊಟ್ಟೆ ತುಂಬಿರೋವಾಗ ಡಿಸೈಡ್ ಮಾಡ್ಬೇಕು, ಬೆಟ್ಟದ ಮೇಲೆ ಅಲ್ಲ.

ಅಮುಂಡ್ಸನ್ ಗೆದ್ದ, ಸ್ಕಾಟ್ ಸತ್ತ, ಯಾಕೆ?

ದಕ್ಷಿಣ ಧ್ರುವಕ್ಕೆ ಮೊದಲು ಯಾರು ಅನ್ನೋ ಪೈಪೋಟಿ ಅದು. ನಾರ್ವೆಯ ಅಮುಂಡ್ಸನ್ ಅಲ್ಲಿಗೆ ಮುಟ್ಟಿದ್ದು 1911ರ ಡಿಸೆಂಬರ್ 14ಕ್ಕೆ, ಬ್ರಿಟನ್ನಿನ ಸ್ಕಾಟ್ 1912ರ ಜನವರಿ 17ಕ್ಕೆ, ಒಂದು ತಿಂಗಳು ಲೇಟು. ಹವಾಮಾನ ಕೈಕೊಟ್ಟಿದ್ದೂ ಹೌದು. ಆದ್ರೆ ಅಮುಂಡ್ಸನ್ ಅದಕ್ಕೆ ಮುಂಚೆ ಉತ್ತರದ ಹಿಮದಲ್ಲಿ ಇನ್ಯೂಟ್ ಜನರ ಹತ್ರ ಇದ್ದು ನಾಯಿಬಂಡಿ ಹೊಡೆಯೋದು, ತುಪ್ಪಳದ ಬಟ್ಟೆ ಹಾಕ್ಕೊಳೋದು ಎಲ್ಲಾ ಕಲಿತು ಬಂದಿದ್ದ. ಸ್ಕಾಟ್ ಕುದುರೆ, ಮೋಟಾರ್ ಬಂಡಿ, ನಾಯಿ ಎಲ್ಲಾ ಸ್ವಲ್ಪ ಸ್ವಲ್ಪ ಬೆರೆಸಿ ಕೊನೆಗೆ ಮನುಷ್ಯರೇ ಬಂಡಿ ಎಳೆಯೋ ಹಂಗಾಯ್ತು. ನನ್ನ ಲೆಕ್ಕದಲ್ಲಿ ನಿಜವಾದ ವ್ಯತ್ಯಾಸ ಇರೋದು ದಾರಿಲಿ ಊಟ ಬಚ್ಚಿಡೋ ವಿಷಯದಲ್ಲಿ. ಅಮುಂಡ್ಸನ್ ಒಂದೊಂದು ಸಾಮಾನಿನ ಗುಡ್ಡೆಯ ಎಡಕ್ಕೂ ಬಲಕ್ಕೂ ಉದ್ದಕ್ಕೆ ಬಾವುಟದ ಸಾಲು ನೆಟ್ಟಿದ್ದ, ವಾಪಸ್ ಬರೋವಾಗ ದಾರಿ ಆ ಕಡೆ ಈ ಕಡೆ ಸರಿದಿದ್ರೂ ಬಾವುಟದ ಸಾಲಿಗೆ ಬಂದು ತಾಗಲೇಬೇಕು. ಸ್ಕಾಟ್ ತಂಡ ಒನ್ ಟನ್ ಡಿಪೋ ಅನ್ನೋ ದೊಡ್ಡ ದಾಸ್ತಾನನ್ನ ಅಂದ್ಕೊಂಡಿದ್ದ ಜಾಗಕ್ಕೆ ಸುಮಾರು 55 ಕಿಲೋಮೀಟರ್ ಮುಂಚೆನೇ ಇಳಿಸಿಬಿಡ್ತು, ಕುದುರೆಗಳು ಸುಸ್ತಾಗಿದ್ವು ಅಂತ. ವರ್ಷ ಕಳೆದ ಮೇಲೆ ಕೊನೆ ಮೂರು ಜನ ಟೆಂಟಲ್ಲಿ ಸತ್ತಿದ್ದು ಆ ಡಿಪೋಗೆ ಸುಮಾರು 20 ಕಿಲೋಮೀಟರ್ ಇರೋವಾಗ. ಲೆಕ್ಕ ಹಾಕಿ ನೋಡಿ, ಹೊಟ್ಟೆ ಕಿವುಚಿದಂಗಾಗುತ್ತೆ.

ಹೆಂಗಸರ ಹೆಸರೇ ಕೇಳಿಸಲ್ವಲ್ಲ ಇದರಲ್ಲೆಲ್ಲ?

ಬಿಡ್ತಿರಲಿಲ್ಲ, ಅದಕ್ಕೆ. 1766ರಲ್ಲಿ ಹೊರಟ ಬೂಗನ್ವಿಲ್‌ನ ಫ್ರೆಂಚ್ ಹಡಗು ಯಾತ್ರೆಲಿ ಝಾನ್ ಬಾರೆ ಅನ್ನೋಳು ಗಂಡಸಿನ ವೇಷ ಹಾಕ್ಕೊಂಡು ಸಸ್ಯವಿಜ್ಞಾನಿಯ ಸಹಾಯಕ ಅಂತ ಹತ್ತಿದ್ಲು, ಗಿಡದ ಮಾದರಿ ಹೊತ್ಕೊಂಡು ಬೆಟ್ಟ ಅಲೆದಳು, ಭೂಮಿ ಸುತ್ತಿದ ಮೊದಲ ಹೆಂಗಸು ಅಂತ ಇವತ್ತು ಹೆಸರಿಸೋದು ಅವಳನ್ನೇ. ವ್ಯಾಲೆಂಟಿನಾ ತೆರೆಶ್ಕೋವಾ 1963ರಲ್ಲಿ ಒಬ್ಬಳೇ ಸುಮಾರು ಮೂರು ದಿನ ಬಾಹ್ಯಾಕಾಶದಲ್ಲಿದ್ದಳು. ಜಪಾನಿನ ಜುಂಕೋ ತಬೆಯಿ 1975ರಲ್ಲಿ ಎವರೆಸ್ಟ್ ಹತ್ತಿದ್ಲು, ಹತ್ತೋದಕ್ಕೆ 12 ದಿನ ಮುಂಚೆ ಹಿಮಕುಸಿತದಲ್ಲಿ ಹೂತುಹೋಗಿ ಶೆರ್ಪಾಗಳು ಎಳೆದು ತೆಗೆದಿದ್ರು.

ಬಾಹ್ಯಾಕಾಶ ಎಷ್ಟು ದೂರದಲ್ಲಿದೆ?

ನೀವು ಅಂದ್ಕೊಂಡಿರೋದಕ್ಕಿಂತ ಹತ್ರ. 100 ಕಿಲೋಮೀಟರ್ ಮೇಲೆ ಅಂತ ಸಾಮಾನ್ಯವಾಗಿ ಗೆರೆ ಎಳೀತಾರೆ, ಅಮೆರಿಕದವರು 80 ಅಂತಾರೆ. ಕಾರು ಮೇಲ್ಮುಖವಾಗಿ ಓಡೋ ಹಂಗಿದ್ರೆ ಒಂದೂವರೆ ಗಂಟೆ ದಾರಿ. ಕಷ್ಟ ಇರೋದು ಎತ್ತರದಲ್ಲಲ್ಲ, ವೇಗದಲ್ಲಿ. ಮೇಲೆ ಹೋಗಿ ಅಲ್ಲೇ ಉಳೀಬೇಕು ಅಂದ್ರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಓಡ್ಬೇಕು, ಇಲ್ಲಾಂದ್ರೆ ಕಲ್ಲು ಬಿದ್ದಂಗೆ ಬೀಳ್ತೀರಿ. ಮತ್ತೆ ಅಲ್ಲಿ ಗುರುತ್ವ ಇಲ್ಲ ಅನ್ನೋದು ತಪ್ಪು, ಸ್ಪೇಸ್ ಸ್ಟೇಷನ್ ಇರೋ 400 ಕಿಲೋಮೀಟರ್ ಎತ್ತರದಲ್ಲಿ ನೆಲದಲ್ಲಿರೋ ಗುರುತ್ವದ ಸುಮಾರು ಶೇಕಡಾ 90 ಇದೆ. ಅವರು ತೇಲ್ತಿರೋದಲ್ಲ, ಸ್ಟೇಷನ್ ಸಮೇತ ಬೀಳ್ತಾನೇ ಇದಾರೆ, ಭೂಮಿ ಬಾಗಿರೋದ್ರಿಂದ ನೆಲ ಸಿಗ್ತಿಲ್ಲ ಅಷ್ಟೇ!

ಅಲ್ಲಿ ಮೈಗೆ ಏನಾಗುತ್ತೆ?

ಮೊದಲ ಕೆಲವು ದಿನ ವಾಂತಿ, ಮುಖ ಊದಿಕೊಳ್ಳುತ್ತೆ, ಕಾಲು ಸಣ್ಣಗಾಗುತ್ತೆ, ಯಾಕಂದ್ರೆ ಮೈಲಿರೋ ನೀರೆಲ್ಲ ಮೇಲ್ಗಡೆ ಹೋಗುತ್ತೆ. ಭಾರ ಹೊರೋ ಮೂಳೆಗಳು ತಿಂಗಳಿಗೆ ಶೇಕಡಾ 1ರಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿನೋ ಸವೀತಾ ಹೋಗ್ತವೆ, ಅದಕ್ಕೇ ದಿನಾ ಸುಮಾರು ಎರಡು ಗಂಟೆ ಎಕ್ಸರ್ಸೈಜ್ ಕಡ್ಡಾಯ. ಕುಡಿಯೋ ನೀರು? ನಿನ್ನೆಯ ಮೂತ್ರ, ಬೆವರು ಎಲ್ಲಾ ಸೋಸಿ ಮಾಡಿದ್ದು, ಮುಖ ಸಿಂಡರಿಸಬೇಡಿ, ಭೂಮಿ ಮೇಲೆ ನಾವು ಕುಡಿಯೋದೂ ಅದೇ, ಮೋಡದ ಮೂಲಕ ಸ್ವಲ್ಪ ಲೇಟಾಗಿ ಬರುತ್ತೆ ಅಷ್ಟೇ. ಒಂದೇ ಸಲಕ್ಕೆ ಎಲ್ಲರಿಗಿಂತ ಹೆಚ್ಚು ದಿನ ಇದ್ದೋನು ರಷ್ಯಾದ ವಲೇರಿ ಪೋಲ್ಯಕೋವ್, 1994-95ರಲ್ಲಿ 437 ದಿನ. ಇಳಿದ ಮೇಲೆ ಎತ್ಕೊಂಡು ಹೋಗೋಕೆ ಬಿಡದೆ ತಾನೇ ನಡೆದು ಕುರ್ಚಿಗೆ ಹೋದ, ಮಂಗಳಕ್ಕೆ ಹೋದೋರಿಗೂ ಇಳಿದು ನಡೆಯಕ್ಕಾಗುತ್ತೆ ಅಂತ ತೋರಿಸಬೇಕಿತ್ತು ಅವನಿಗೆ.

ಮಂಗಳಕ್ಕೆ ಮನುಷ್ಯ ಯಾವಾಗ ಹೋಗೋದು?

ತಾರೀಕು ಹೇಳೋರನ್ನ ನಾನು ನಂಬೋದು ಬಿಟ್ಟು ಬಹಳ ವರ್ಷ ಆಯ್ತು. ರಾಕೆಟ್ ಅಲ್ಲ ಇಲ್ಲಿ ನಿಜವಾದ ತೊಂದ್ರೆ, ಮಧ್ಯದಲ್ಲಿ ತಿರುಗಕ್ಕಾಗಲ್ಲ ಅನ್ನೋದು. ಚಂದ್ರನ ದಾರಿಲಿ ಆ ಸೌಲಭ್ಯ ಇತ್ತು. 1970ರ ಏಪ್ರಿಲಲ್ಲಿ ಅಪೊಲೊ 13 ಕೆಟ್ಟಾಗ ಭೂಮಿಯಿಂದ ಮೂರು ಲಕ್ಷ ಕಿಲೋಮೀಟರ್‌ಗಿಂತ ಆಚೆ ಇದ್ರು, ಚಂದ್ರನ್ನೇ ಒಂದು ಸುತ್ತು ಹಾಕ್ಕೊಂಡು ಅದರ ಗುರುತ್ವದಿಂದಲೇ ಮನೆ ಕಡೆ ತಿರುಗೋ ದಾರಿ ಒಂದಿತ್ತು, ಲ್ಯಾಂಡರಿನ ಇಂಜಿನ್ ಉರಿಸಿ ಆ ದಾರಿಗೆ ಬಂದ್ರು, ನಾಲ್ಕು ದಿನದಲ್ಲಿ ಸಮುದ್ರಕ್ಕೆ ಇಳಿದ್ರು. ಮಂಗಳ ಹಂಗಲ್ಲ. ಹೊರಡೋ ಮುಹೂರ್ತ ಬರೋದೇ 26 ತಿಂಗಳಿಗೊಂದು ಸಲ, ಹೋಗಕ್ಕೆ ಆರೇಳು ತಿಂಗಳು, ಅಲ್ಲಿ ಇಳಿದ ಮೇಲೆ ಎರಡು ಗ್ರಹ ಮತ್ತೆ ಸರಿಯಾದ ಜಾಗಕ್ಕೆ ಬರೋವರೆಗೂ ಕಾಯ್ಬೇಕು, ಒಟ್ಟು ಎರಡೂವರೆ ಮೂರು ವರ್ಷ. ಹೊರಟ ಎರಡನೇ ತಿಂಗಳಲ್ಲಿ ಯಾರಿಗೋ ಹೊಟ್ಟೆನೋವು ಬಂದ್ರೆ ಎರಡು ವರ್ಷ ಆದ ಮೇಲೆ ಆಸ್ಪತ್ರೆ. ಮಾತಾಡೋಣ ಅಂದ್ರೆ ರೇಡಿಯೋ ಒಂದು ಕಡೆ ಮುಟ್ಟಕ್ಕೇ 3ರಿಂದ 22 ನಿಮಿಷ. ಜೊತೆಗೆ ವಿಕಿರಣ. ನಾನು ಹೋಗ್ಬೇಡಿ ಅಂತಿಲ್ಲ, ಆದ್ರೆ ಇದಕ್ಕೆ ಉತ್ತರ ಸಿಗೋವರೆಗೂ ಹೊರಡೋದು ಶ್ಯಾಕಲ್ಟನ್ ಥರ ಅಲ್ಲ, ಸ್ಕಾಟ್ ಥರ ಆಗುತ್ತೆ.

ಹಾಗಿದ್ರೆ ರೋಬೋಟ್ ಕಳ್ಸಿದ್ರೆ ಸಾಲ್ದಾ?

ಸುಮಾರು ಕೆಲಸಕ್ಕೆ ಸಾಕು, ಎಷ್ಟೋ ಸಲ ಅದೇ ಬೆಸ್ಟು. ವಾಯೇಜರ್ 1 ಅನ್ನೋ ನೌಕೆ ಹೊರಟಿದ್ದು 1977ರಲ್ಲಿ, 2012ರಲ್ಲಿ ಸೂರ್ಯನ ಗಾಳಿಯ ಗುಳ್ಳೆ ದಾಟಿ ನಕ್ಷತ್ರಗಳ ನಡುವಿನ ಜಾಗಕ್ಕೆ ಹೋಯ್ತು, ಈಗ ಅದರ ಸಿಗ್ನಲ್ ಬೆಳಕಿನ ವೇಗದಲ್ಲಿ ಬಂದ್ರೂ ಹೆಚ್ಚುಕಮ್ಮಿ ಒಂದು ದಿನ ಬೇಕು. ಅದಕ್ಕೆ ಅಂಟಿಸಿರೋ ಚಿನ್ನದ ಲೇಪದ ತಟ್ಟೆಲಿ 55 ಭಾಷೆಲಿ ನಮಸ್ಕಾರ ಇದೆ, ಅದರಲ್ಲಿ ಕನ್ನಡನೂ ಒಂದು. ಇದನ್ನ ಹೇಳ್ದಾಗೆಲ್ಲ ಎದುರಿಗಿರೋರ ಮುಖ ಅರಳೋದು ನೋಡ್ಬೇಕು ನೀವು. ಚಂದ್ರಯಾನ 2ರ ಲ್ಯಾಂಡರ್ 2019ರಲ್ಲಿ ಬಿದ್ದುಹೋಯ್ತಲ್ಲ, ಅದರಲ್ಲಿ ಯಾರೂ ಸಾಯಲಿಲ್ಲ, ತಪ್ಪು ಹುಡುಕಿ ಕಾಲು ಗಟ್ಟಿ ಮಾಡಿ, ಇಂಧನ ಜಾಸ್ತಿ ತುಂಬಿ, ಇಳಿಯೋ ಜಾಗ ಅಗಲ ಮಾಡ್ಕೊಂಡು 2023ರ ಆಗಸ್ಟ್ 23ಕ್ಕೆ ಮತ್ತೆ ಹೋಗಿ ಇಳಿದ್ರು. ಯಂತ್ರ ಕಳ್ಕೊಂಡ್ರೆ ಅಳಬಹುದು, ಮತ್ತೆ ಮಾಡಬಹುದು.

ಆದ್ರೆ 1972ರಲ್ಲಿ ಅಪೊಲೊ 17ರಲ್ಲಿ ಹೋದ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ, ಬೂದು ನೆಲದಲ್ಲಿ ನಡೀತಾ ಕಾಲಡಿ ಕಿತ್ತಳೆ ಬಣ್ಣದ ಮಣ್ಣು ಕಂಡ ತಕ್ಷಣ ಕೂಗಿಬಿಟ್ಟ. ಕೋಟ್ಯಂತರ ವರ್ಷ ಹಿಂದಿನ ಜ್ವಾಲಾಮುಖಿ ಚಿಮ್ಮಿಸಿದ ಗಾಜಿನ ಮಣಿಗಳು ಅವು. ರೋವರ್ ಆಗಿದ್ರೆ ಪಕ್ಕದಲ್ಲೇ ಹಾದುಹೋಗಿ ನಿಧಾನಕ್ಕೆ ಫೋಟೋ ಕಳಿಸ್ತಿತ್ತೇನೋ.

ಇಷ್ಟೊಂದು ದುಡ್ಡು ಸುಮ್ನೆ ದಂಡ ಅಲ್ವಾ?

ಅಮೆರಿಕ ಸರ್ಕಾರದ ಖರ್ಚಲ್ಲಿ ನಾಸಾಗೆ ಹೋಗೋದು ಈಗ ಶೇಕಡಾ 0.5ಕ್ಕಿಂತ ಕಮ್ಮಿ, ಅಪೊಲೊ ಕಾಲದಲ್ಲಿ ಶೇಕಡಾ 4ರ ಹತ್ರ ಹೋಗಿತ್ತು. ಜಿಪಿಎಸ್, ಚಂಡಮಾರುತದ ಮುನ್ಸೂಚನೆ ಅಂತ ಎಲ್ಲರೂ ಹೇಳೋದೇ. ನಂಗೆ ಹೆಚ್ಚು ಹಿಡಿಸೋ ಉದಾಹರಣೆ ಅಂಟಾರ್ಕ್ಟಿಕಾದ್ದು. ಅಲ್ಲಿ ಬ್ರಿಟಿಷ್ ವಿಜ್ಞಾನಿಗಳು ವರ್ಷಾನುಗಟ್ಟಲೆ ಬೋರು ಹೊಡಿಸೋ ಹಂಗೆ ಓಜೋನ್ ಅಳೀತಾ ಕೂತಿದ್ರು, 1985ರಲ್ಲಿ ಅದೇ ಅಳತೆಯಿಂದ ಓಜೋನ್ ಪದರದಲ್ಲಿ ತೂತು ಬಿದ್ದಿರೋದು ಹೊರಗೆ ಬಂತು, 1987ಕ್ಕೆ ಓಜೋನ್ ಹಾಳು ಮಾಡೋ ರಾಸಾಯನಿಕಗಳಿಗೆ ಕಡಿವಾಣ ಹಾಕೋ ಮಾಂಟ್ರಿಯಲ್ ಒಪ್ಪಂದ ಆಯ್ತು, ಈಗ ಪದರ ನಿಧಾನಕ್ಕೆ ವಾಸಿ ಆಗ್ತಿದೆ. ಏನು ಸಿಗುತ್ತೆ ಅಂತ ಮೊದಲೇ ಗೊತ್ತಿದ್ರೆ ಅದನ್ನ ಹುಡುಕಾಟ ಅನ್ನಲ್ಲ, ಶಾಪಿಂಗ್ ಅಂತೀವಿ.

ಕಸದ ಬಗ್ಗೆ ಯಾಕೆ ಇಷ್ಟು ತಲೆ ತಿಂತೀರ?

ತಿಂತೀನಿ. ಹೊತ್ಕೊಂಡು ಹೋಗಿದ್ದನ್ನ ಹೊತ್ಕೊಂಡು ವಾಪಸ್ ತನ್ನಿ, ಹಣ್ಣಿನ ಸಿಪ್ಪೆನೂ ಸೇರಿ. ಕ್ಯಾಸಿನಿ ನೌಕೆ 13 ವರ್ಷ ಶನಿ ಗ್ರಹ ಸುತ್ತಿ ಇಂಧನ ಮುಗೀತಾ ಬಂದಾಗ 2017ರ ಸೆಪ್ಟೆಂಬರ್ 15ಕ್ಕೆ ಅದನ್ನ ಬೇಕಂತಲೇ ಶನಿಯೊಳಗೆ ಬೀಳಿಸಿ ಉರಿಸಿಬಿಟ್ರು, ಯಾಕೆ ಅಂದ್ರೆ ಶನಿಯ ಚಂದ್ರ ಎನ್ಸೆಲಡಸ್‌ನ ಹಿಮದ ಕೆಳಗೆ ಸಮುದ್ರ ಇದೆ, ನಮ್ಮ ಭೂಮಿಯ ಒಂದು ಬ್ಯಾಕ್ಟೀರಿಯಾ ಅಂಟ್ಕೊಂಡು ಹೋಗಿ ಅಲ್ಲಿ ಬೀಳಬಾರದು ಅಂತ. ಯಾರೂ ನೋಡದ ಸಮುದ್ರಕ್ಕೇ ಅಷ್ಟು ಮರ್ಯಾದೆ ಕೊಡ್ತಾರೆ, ನೀವು ಚಿಪ್ಸ್ ಕವರ್ ಜೇಬಲ್ಲಿ ಇಟ್ಕೊಳಕ್ಕೆ ಆಗಲ್ವಾ.

ನಂಗೆ ಮಂಡಿನೋವು, ಬೆಟ್ಟಕ್ಕೆಲ್ಲ ಬರಕ್ಕಾಗಲ್ಲ, ನಾನೇನು ಮಾಡ್ಲಿ?

ಬೈನಾಕ್ಯುಲರ್ ತಗೊಳ್ಳಿ. ಕೈ ಅಲ್ಲಾಡದ ಹಂಗೆ ಗೋಡೆಗೆ ಒರಗಿಸಿ ಗುರು ಗ್ರಹ ನೋಡಿದ್ರೆ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಕಾಣ್ತವೆ, 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರೇ ಅವು, ನಾಳೆ ನೋಡಿದ್ರೆ ಜಾಗ ಬದಲಾಗಿರುತ್ತೆ. ಸ್ಪೇಸ್ ಸ್ಟೇಷನ್ ನೋಡಕ್ಕೆ ಅದೂ ಬೇಡ, ಸಂಜೆ ಕತ್ತಲಾದ ಮೇಲೋ ಬೆಳಗಿನ ಜಾವವೋ ಮಿನುಗದೆ ಒಂದೇ ಸಮ ಹೊಳೀತಾ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟುತ್ತೆ. ಸೋಹೋ ಅನ್ನೋ ಉಪಗ್ರಹದ ಚಿತ್ರಗಳಲ್ಲಿ ಇದುವರೆಗೆ 5000ಕ್ಕೂ ಹೆಚ್ಚು ಧೂಮಕೇತು ಸಿಕ್ಕಿದಾವೆ, ಹುಡುಕಿದೋರಲ್ಲಿ ಬಹುಪಾಲು ಮನೇಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹವ್ಯಾಸಿಗಳು. ಮಂಡಿ ಕೇಳೋರು ಯಾರು ಅಲ್ಲಿ.

ಒಬ್ಬರೇ ಹೋಗಬಹುದಾ?

ಅನುಭವ ಬಂದ ಮೇಲೆ ಹೋಗಬಹುದು, ಆದ್ರೆ ಯಾರಿಗೂ ಹೇಳದೆ ಮಾತ್ರ ಅಲ್ಲ. ಅಪೊಲೊ 11ರಲ್ಲಿ ಇನ್ನಿಬ್ರು ಚಂದ್ರನ ಮೇಲೆ ಇಳಿದಾಗ ಮೈಕೆಲ್ ಕಾಲಿನ್ಸ್ ಒಬ್ಬನೇ ಮೇಲೆ ಸುತ್ತುತ್ತಿದ್ದ, ಪ್ರತಿ ಸುತ್ತಲ್ಲೂ ಸುಮಾರು 48 ನಿಮಿಷ ಚಂದ್ರನ ಹಿಂದೆ ಹೋದಾಗ ಭೂಮಿ ಜೊತೆ ಒಂದು ಮಾತೂ ಇಲ್ಲ. ಆದ್ರೆ ಅವನು ಯಾವ ಸೆಕೆಂಡಿಗೆ ಈ ಕಡೆ ಬರಬೇಕು ಅಂತ ಹ್ಯೂಸ್ಟನ್ನಿನ ಕಂಟ್ರೋಲ್ ರೂಮಲ್ಲಿ ಗಡಿಯಾರ ನೋಡ್ಕೊಂಡು ಕೂತಿದ್ರು. ನಾನು ಹೊರಡೋವಾಗ ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸ್ತೀನಿ, ಎಲ್ಲಿಗೆ, ಯಾವ ದಾರಿಲಿ, ಎಷ್ಟೊತ್ತಿಗೆ ತಿರುಗ್ತೀನಿ, ಎಷ್ಟೊತ್ತಾದ್ರೂ ಫೋನ್ ಬರಲಿಲ್ಲ ಅಂದ್ರೆ ಯಾರಿಗೆ ಹೇಳ್ಬೇಕು. ಒಂದು ಸಲ ಇಳಿಯೋವಾಗ ಕಾಲು ಉಳುಕಿ, ಬರೆದಿದ್ದ ಟೈಮಿಗೆ ಹತ್ತು ನಿಮಿಷ ಇರೋವಾಗ ನೆಟ್‌ವರ್ಕ್ ಸಿಕ್ತು. ಮೊದಲ ರಿಂಗಿಗೇ ಎತ್ತಿದ್ರು, ಆ ಚೀಟಿ ಆಗಲೇ ಫ್ರಿಜ್ಜಿಂದ ಕೈಗೆ ಬಂದಿತ್ತು.